ಗ್ಯಾಂಡಾಲ್ಫ್‌ನ ಹೆಸರುಗಳು: ಕರೆದವರು ಯಾರು?

ದಾವಣಗೆರೆಯಿಂದ ಬಸ್ಸಿನಲ್ಲಿ ಬಂದು ಚಿತ್ರದುರ್ಗದ ನಮ್ಮ ಓದುಗುಂಪಿಗೆ ಸೇರುವ ಗೆಳತಿಯೊಬ್ಬರು ಕಳೆದ ಭಾನುವಾರ ಎರಡು ಪುಟದ ಪಟ್ಟಿ ತಂದಿದ್ದರು. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗ್ಯಾಂಡಾಲ್ಫ್ ಎಂಬ ಮುದಿ ಮಾಂತ್ರಿಕನಿಗೆ ಇರುವ ಹೆಸರುಗಳೆಲ್ಲ ಅದರಲ್ಲಿದ್ದವು. “ಇಷ್ಟನ್ನೂ ಕಂಠಪಾಠ ಮಾಡಬೇಕೇ?” ಎಂದು ಕೇಳಿದರು. ಬೇಡ ಎಂದೆ. ಏಕೆ ಬೇಡ ಎಂಬುದನ್ನು ಅಂದು ಸರಿಯಾಗಿ ವಿವರಿಸಲಾಗಲಿಲ್ಲ, ಅದಕ್ಕೇ ಈ ಟಿಪ್ಪಣಿ.

ಶಾಲೆಯ ವ್ಯಾಕರಣದಿಂದಲೇ ಆರಂಭಿಸೋಣ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ಗುಣ, ಕಸುಬು, ಲಕ್ಷಣ ನೋಡಿ ಬಂದದ್ದು ಅನ್ವರ್ಥನಾಮ. ನಮ್ಮ ಕೋಟೆಯ ಓಬವ್ವನನ್ನೇ ನೋಡಿ. ‘ಓಬವ್ವ’ ಮನೆಯವರು ಇಟ್ಟ ಹೆಸರು. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದ ದಿನ ಅವಳ ಕೈಯಲ್ಲಿದ್ದದ್ದು ಒನಕೆ. ಆ ‘ಒನಕೆ’ಯನ್ನು ಹೆಸರಿನ ಮುಂದೆ ತಂದಿಟ್ಟವರು ಊರಿನವರು. ಮೊದಲ ಹೆಸರಿನಲ್ಲಿ ಅವಳ ಮನೆ ಕಾಣುತ್ತದೆ, ಎರಡನೆಯದರಲ್ಲಿ ಅವಳನ್ನು ನೆನೆಯುವ ಊರು ಕಾಣುತ್ತದೆ. ಗ್ಯಾಂಡಾಲ್ಫ್‌ನನ್ನೂ ಹೀಗೆಯೇ ಓದಬೇಕು: ಯಾವ ಹೆಸರು ಎಂದಲ್ಲ, ಯಾರ ಬಾಯಿಯ ಹೆಸರು ಎಂದು.

ಅವನಿಗೆ ಅಂಕಿತನಾಮ ಎನ್ನಬಹುದಾದದ್ದು ಓಲೋರಿನ್ ಒಂದೇ. ಮನುಷ್ಯರೂಪ ತಾಳಿ, ಕಥೆ ನಡೆಯುವ ಲೋಕವಾದ ಮಧ್ಯಭೂಮಿಗೆ ಬರುವ ಮೊದಲು, ಪಶ್ಚಿಮದ ದೇವಭೂಮಿಯಲ್ಲಿ ಅವನಿಗಿದ್ದ ಹೆಸರು ಅದು. ಮುಪ್ಪು, ಸಾವು ಬಾರದ ಎಲ್ಫ್‌ಗಳೆಂಬ ಜನಾಂಗದ ಹಳೆಯ ಭಾಷೆಯಲ್ಲಿ ಕನಸು, ಮನಸ್ಸಿನ ಕಾಣ್ಕೆ ಎಂಬ ಅರ್ಥದ ಪದಕ್ಕೆ ಹತ್ತಿರವಾದದ್ದು. ಕಥೆ ನಡೆಯುವಾಗ ಅವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಉಳಿದುದೆಲ್ಲವೂ ದಾರಿಯಲ್ಲಿ ಅಂಟಿಕೊಂಡದ್ದು.

ಆ ಲೋಕದ ಮೂರನೆಯ ಯುಗದ ಸುಮಾರು 1000ನೆಯ ವರ್ಷದಲ್ಲಿ ಅವನು ಮಧ್ಯಭೂಮಿಗೆ ಬರುತ್ತಾನೆ. ನೆಲೆ ಇಲ್ಲ, ಮನೆ ಇಲ್ಲ, ತಿರುಗಾಟವೇ ಬದುಕು. ಎಲ್ಫ್‌ಗಳು ಅವನನ್ನು ಮಿಥ್ರಾಂದಿರ್ ಎಂದರು: ‘ಮಿಥ್’ ಎಂದರೆ ಬೂದು, ‘ರಾಂದಿರ್’ ಎಂದರೆ ಅಲೆಮಾರಿ. ನಾವಾದರೆ ‘ಬೂದಿಬಣ್ಣದ ಜಂಗಮ’ ಎನ್ನುತ್ತಿದ್ದೆವೇನೋ. ಕುಳ್ಳರೆಂಬ ಇನ್ನೊಂದು ಜನಾಂಗದವರು ಥಾರ್ಕೂನ್ ಎಂದರು, ಕೋಲಿನವನು ಎಂದು ಅದರ ಅರ್ಥವಂತೆ. ಕಲ್ಲು, ಕಬ್ಬಿಣದ ಕಸುಬಿನವರು ಕೈಯಲ್ಲಿದ್ದ ವಸ್ತುವನ್ನು ನೋಡಿದರು, ಎಲ್ಫ್‌ಗಳು ನಡಿಗೆಯನ್ನು ನೋಡಿದರು. ಒನಕೆಯ ಹೆಸರಿಗೂ ಈ ಕೋಲಿನ ಹೆಸರಿಗೂ ನಂಟಿದೆ ಎಂದು ನನಗೆ ಅನಿಸುವುದು ಊರಿನ ಅಭಿಮಾನದಿಂದಲೂ ಇರಬಹುದು.

ಇನ್ನು ಜಗತ್ತೆಲ್ಲ ಬಲ್ಲ ಆ ಹೆಸರು. ಗ್ಯಾಂಡಾಲ್ಫ್ ಉತ್ತರದ ಮನುಷ್ಯರು ಇಟ್ಟದ್ದು, ‘ಕೋಲಿನ ಎಲ್ಫ್’ ಎಂಬ ಅರ್ಥದಲ್ಲಿ. ತಮಾಷೆ ನೋಡಿ, ಅವನು ಎಲ್ಫ್ ಅಲ್ಲವೇ ಅಲ್ಲ. ಶತಮಾನ ಕಳೆದರೂ ಸಾಯದ ಮುದುಕನನ್ನು ಕಂಡ ಜನ ಹಾಗೆ ಭಾವಿಸಿದರು. ತಪ್ಪು ತಿಳಿವಳಿಕೆಯೇ ಕಾಯಂ ಹೆಸರಾಯಿತು. ಕಥೆಯ ಹೊರಗೂ ಈ ಹೆಸರಿಗೆ ಇಂಥದೇ ಚರಿತ್ರೆ. ಹಳೆಯ ನಾರ್ಸ್ ಕಾವ್ಯ ‘ವೋಲುಸ್ಪಾ’ದ ಕುಳ್ಳರ ಹೆಸರುಪಟ್ಟಿಯಲ್ಲಿ ಗಂದಾಲ್ಫ್ರ್ ಎಂಬುವನಿದ್ದಾನೆ. 1937ರಲ್ಲಿ ಪ್ರಕಟವಾದ ಟೋಲ್ಕಿನ್ ಅವರ ಹಿಂದಿನ ಕಾದಂಬರಿ ‘ದಿ ಹಾಬಿಟ್’ನ ಮೊದಲ ಕರಡಿನಲ್ಲಿ ಗ್ಯಾಂಡಾಲ್ಫ್ ಎಂಬುದು ಕುಳ್ಳರ ಮುಖಂಡನ ಹೆಸರೇ ಆಗಿತ್ತು, ಮಾಂತ್ರಿಕನ ಹೆಸರು ಬ್ಲಾಡೋರ್ಥಿನ್. ಆಮೇಲೆ ಮುಖಂಡ ಥೋರಿನ್ ಆದ, ಅವನು ಬಿಟ್ಟ ಹೆಸರು ಮಾಂತ್ರಿಕನ ಪಾಲಾಯಿತು.

ದಕ್ಷಿಣದಲ್ಲಿ ಇನ್‌ಕಾನುಸ್. ಇದರ ಅರ್ಥವನ್ನು ಲೇಖಕರೇ ಎರಡು ಬಗೆಯಲ್ಲಿ ಯೋಚಿಸಿದ್ದರು: ಒಂದು ನರೆತವನು ಎಂಬ ಲ್ಯಾಟಿನ್ ಛಾಯೆ, ಇನ್ನೊಂದು ‘ಉತ್ತರದ ಗೂಢಚಾರ’. ನನಗೆ ಎರಡನೆಯದೇ ಹಿಡಿಸುತ್ತದೆ, ಅಪರಿಚಿತರನ್ನು ಅನುಮಾನಿಸುವ ನಾಡಿನ ದನಿ ಅದರಲ್ಲಿದೆ. ಪೂರ್ವದಲ್ಲಿ ಅವನಿಗೆ ಹೆಸರೇ ಇಲ್ಲ. ಆ ಕಡೆಗೆ ತಾನು ಹೋಗುವುದಿಲ್ಲ ಎಂದು ಅವನೇ ಹೇಳಿದ್ದಾನೆ. ಕರೆಯುವವರೇ ಇಲ್ಲದ ಕಡೆ ಹೆಸರು ಎಲ್ಲಿಂದ ಬರಬೇಕು?

ಇದನ್ನು ಪರೀಕ್ಷಿಸಿ ನೋಡಲು ಒಂದೇ ಪ್ರಸಂಗ ಓದುವಷ್ಟು ಸಮಯವಿದ್ದರೆ ರೋಹನ್ ರಾಜನ ಸಭೆಯನ್ನು ಓದಿ. ಆ ನಾಡಿನಲ್ಲಿ ಅವನಿಗೆ ಗ್ರೇಹೇಮ್ ಎಂಬ ಹೆಸರೂ ಇದೆ, ಬೂದು ಹೊದಿಕೆಯವನು ಎಂದು. ಅದರಲ್ಲಿ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆದರೆ ಮಂಕು ಕವಿದ ರಾಜ ಥಿಯೋಡೆನ್ ಅವನನ್ನು ಬಿರುಗಾಳಿಯ ಕಾಗೆ ಎಂದೇ ಎದುರುಗೊಳ್ಳುತ್ತಾನೆ. ಪಕ್ಕದಲ್ಲಿದ್ದ ಮಂತ್ರಿ ಗ್ರೀಮ ಇನ್ನೂ ಮುಂದೆ ಹೋಗಿ ಅಲ್ಲಿಯೇ ಹೊಸ ಹೆಸರು ಕಟ್ಟುತ್ತಾನೆ: ಲಾಥ್‌ಸ್ಪೆಲ್, ಕೆಟ್ಟ ಸುದ್ದಿ. ಹೆಸರಿಡುವುದು ಇಲ್ಲಿ ಅತಿಥಿಯನ್ನು ಹೊಸ್ತಿಲಲ್ಲೇ ತಡೆಯುವ ಉಪಾಯ. ಗೊಂಡೋರ್ ನಾಡನ್ನು ಆಳುವ ಡೆನೆಥೋರ್ ಕೂಡ ಕೊನೆಯ ಉನ್ಮಾದದಲ್ಲಿ ಅವನನ್ನು ‘ಬೂದು ಮೂರ್ಖ’ ಎನ್ನುತ್ತಾನೆ. ಅದೇ ಮನೆಯ ಮಗ ಫರಾಮಿರ್‌ನ ಬಾಯಲ್ಲಿ ಅವನು ಗೌರವದ ಮಿಥ್ರಾಂದಿರ್. ಮೇಲೆ ಹೇಳಿದ ದಿಕ್ಕುದಿಕ್ಕಿನ ಹೆಸರುಗಳನ್ನು ನೆನಪಿಟ್ಟುಕೊಂಡು ನಮಗೆ ತಲುಪಿಸುವವನೂ ಫರಾಮಿರ್‌ನೇ. ತಂದೆ-ಮಗನ ನಡುವಿನ ಬಿರುಕನ್ನು ಈ ಎರಡು ಹೆಸರುಗಳಿಂದಲೇ ಅಳೆಯಬಹುದು.

‘ಬೂದು ಗ್ಯಾಂಡಾಲ್ಫ್’, ‘ಬಿಳಿ ಗ್ಯಾಂಡಾಲ್ಫ್’ ಎನ್ನುವಾಗಿನ ಬೂದು, ಬಿಳಿ ಎಂಬುವು ಬೇರೆ ಲೆಕ್ಕ. ಅವು ಬಟ್ಟೆಯ ಬಣ್ಣವಷ್ಟೇ ಅಲ್ಲ, ಪದವಿ. ಬಿಳಿ ಎಂಬುದು ಮಾಂತ್ರಿಕರ ಮುಖ್ಯಸ್ಥ ಸಾರುಮಾನ್‌ನದು. ಅವನು ದಾರಿ ತಪ್ಪಿದ ಮೇಲೆ ಅದು ಗ್ಯಾಂಡಾಲ್ಫ್‌ಗೆ ಬರುತ್ತದೆ. ನಮ್ಮ ನಾಯಕರಲ್ಲಿ ‘ಮದಕರಿ’ ಎಂಬ ಹೆಸರು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದನ್ನು ಬಲ್ಲವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. 1779ರಲ್ಲಿ ಕೋಟೆ ಕಳೆದುಕೊಂಡ ಮದಕರಿಯೇ ಮೊದಲ ಮದಕರಿಯಲ್ಲವಷ್ಟೇ?

ವಿರಾಟಪರ್ವದಲ್ಲಿ ಉತ್ತರಕುಮಾರ ಬೃಹನ್ನಳೆಯನ್ನು ನಂಬದೆ, ನೀನು ಅರ್ಜುನನೇ ಆಗಿದ್ದರೆ ಹತ್ತು ಹೆಸರುಗಳನ್ನು ಹೇಳು ಎನ್ನುತ್ತಾನೆ. ಗುಡುಗಿದಾಗ ನಮ್ಮ ಅಜ್ಜಿಯರು ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಜಪಿಸುತ್ತಿದ್ದದ್ದೂ ಆ ಹೆಸರುಗಳನ್ನೇ. ಅರ್ಜುನ ಒಂದೊಂದಕ್ಕೂ ಕಾರಣ ಕೊಟ್ಟು ತನ್ನನ್ನು ಸಾಬೀತು ಮಾಡುತ್ತಾನೆ. ಸತ್ತು ಮರಳಿದ ಗ್ಯಾಂಡಾಲ್ಫ್ ಫ್ಯಾಂಗೋರ್ನ್ ಕಾಡಿನಲ್ಲಿ ಗೆಳೆಯರಿಗೆ ಎದುರಾದಾಗ ಆಗುವುದು ಇದರ ತಿರುವು ಮುರುವು. ಅವರು ಅವನನ್ನು ಸಾರುಮಾನ್ ಎಂದು ತಿಳಿದು ಆಯುಧ ಎತ್ತುತ್ತಾರೆ. ಗುರುತಿಸಿ ಹೆಸರು ಹಿಡಿದು ಕೂಗಿದಾಗ, ಎಂದೋ ಮರೆತ ಪದವನ್ನು ಹೆಕ್ಕುವವನಂತೆ, ಅದು ತನ್ನ ಹೆಸರಾಗಿತ್ತು ಎಂದು ಅವನು ನೆನಪಿಸಿಕೊಳ್ಳುತ್ತಾನೆ. ಅರ್ಜುನ ತಾನೇ ಹೇಳಿದ ಹೆಸರುಗಳಿಂದ ಅರ್ಜುನನಾಗುತ್ತಾನೆ, ಇವನು ಗೆಳೆಯರು ಕರೆದದ್ದರಿಂದ ಮತ್ತೆ ಗ್ಯಾಂಡಾಲ್ಫ್ ಆಗುತ್ತಾನೆ.

ಮುಂದಿನ ವಾರಕ್ಕೆ ಸಾರುಮಾನ್‌ನ ಕೊನೆಯ ಹೆಸರನ್ನು ನೋಡಿಕೊಂಡು ಬನ್ನಿ. ಎಲ್ಲವನ್ನೂ ಕಳೆದುಕೊಂಡು ಹಾಬಿಟ್‌ಗಳೆಂಬ ಪುಟ್ಟ ಜನರ ಊರಿಗೆ ಬಂದಾಗ ಅವನು ‘ಶಾರ್ಕಿ’. ಅವನ ಪಡೆಯಲ್ಲಿದ್ದ ಓರ್ಕ್‌ಗಳೆಂಬ ಕ್ರೂರ ಜೀವಿಗಳ ‘ಶಾರ್ಕೂ’ ಪದದಿಂದ ಬಂದಿರಬೇಕು, ಅರ್ಥ ಮುದುಕ. ತನ್ನ ಜನ ತನ್ನನ್ನು ಹಾಗೆ ಕರೆಯುತ್ತಿದ್ದದ್ದು ಪ್ರೀತಿಯಿಂದ ಇರಬಹುದು ಎಂದು ಅವನು ಹೇಳಿಕೊಳ್ಳುತ್ತಾನೆ.