ಖಾಲಿ ಹುದ್ದೆಗೂ ಬಿಲ್ ಬರುತ್ತೆ

"ಗೌರ್ಮೆಂಟ್ ಡಾಕ್ಟ್ರಿಗೆ ಲಕ್ಷಗಟ್ಟಲೆ ಸಂಬಳ, ಆದ್ರೂ ರಾತ್ರಿ ಹೋದ್ರೆ ಯಾರೂ ಇರಲ್ಲ." ಈ ಮಾತನ್ನ ಮದುವೆ ಮನೇಲೂ ಕೇಳಿದೀನಿ, ಕಟಿಂಗ್ ಶಾಪಲ್ಲೂ ಕೇಳಿದೀನಿ. ನಾನು ತಾಲೂಕು ಆಸ್ಪತ್ರೇಲಿ ಅನಸ್ತೇಶಿಯಾ ಡಾಕ್ಟ್ರು, ಮತ್ತಿನ ಇಂಜೆಕ್ಷನ್ ಕೊಡೋನು. ರಾತ್ರಿ ಯಾರೂ ಇರಲ್ಲ ಅನ್ನೋದು ಎಷ್ಟೋ ಸಲ ನಿಜಾನೇ, ಸುಳ್ಳು ಯಾಕೆ ಹೇಳ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ವಾರಕ್ಕೆ 168 ಗಂಟೆ, ಒಬ್ಬ ಮನುಷ್ಯ 48 ಗಂಟೆ ದುಡಿದ್ರೂ ಒಂದೇ ಒಂದು ಕುರ್ಚಿ ಹಗಲು ರಾತ್ರಿ ಖಾಲಿ ಬಿಡದಂಗೆ ತುಂಬೋಕೆ ಮೂರೂವರೆ ಜನ ಬೇಕು, ಅದಕ್ಕೆ ರಜೆ, ಟ್ರೈನಿಂಗ್, ಕೋರ್ಟ್ ಸಾಕ್ಷಿ ಎಲ್ಲಾ ಸೇರಿಸಿದ್ರೆ ನಾಲ್ಕು ದಾಟುತ್ತೆ. ರಾತ್ರಿ ಸಿಸೇರಿಯನ್ ಮಾಡ್ಬೇಕು ಅಂದ್ರೆ ಹೆರಿಗೆ ಡಾಕ್ಟ್ರು, ಮಕ್ಕಳ ಡಾಕ್ಟ್ರು, ನಾನು, ಹಿಂಗೆ ಮೂರು ಕುರ್ಚಿ. ನಮ್ಮಲ್ಲಿ ಇರೋದು ತಲಾ ಒಂದು ಪೋಸ್ಟ್. ಡ್ಯೂಟಿ ಚಾರ್ಟಲ್ಲಿ ನನ್ನ ಹೆಸರಿನ ಮುಂದೆ ದಿನಾ 'ಆನ್ ಕಾಲ್' ಅಂತ ಬರೆದು ಬೇಜಾರಾಗಿ ಸಿಸ್ಟರ್ 1ನೇ ತಾರೀಕಿಂದ 30ರವರೆಗೂ ಒಂದು ಉದ್ದ ಗೆರೆ ಎಳೆದುಬಿಟ್ಟಿದಾರೆ.

ಹೋದ ವರ್ಷ ಅಮ್ಮನ ತಿಥಿಗೆ ಅಂತ ಊರಿಗೆ ಹೋಗಿದ್ದೆ. ರಾತ್ರಿ ಒಂದೂವರೆಗೆ ಫೋನು, "ಸಾರ್, ಮಗು ಹಾರ್ಟ್‌ಬೀಟ್ 90ಕ್ಕೆ ಇಳೀತಿದೆ, ಏನ್ ಮಾಡ್ಲಿ?" ಏನ್ ಮಾಡೋದು, ರೆಫರ್ ಚೀಟಿ ಬರೆದು 108 ಹತ್ತಿಸಿದ್ರು, ಜಿಲ್ಲಾಸ್ಪತ್ರೆವರೆಗೆ ಹೋಗೋ ಧೈರ್ಯ ಆಗದೆ ಮನೆಯವರು ದಾರೀಲಿ ಸಿಕ್ಕ ನರ್ಸಿಂಗ್ ಹೋಮಲ್ಲೇ ಇಳಿಸ್ಕೊಂಡ್ರು. ಮಗು ಉಳೀತು. ವಾರ ಬಿಟ್ಟು ಹೊಲಿಗೆ ಬಿಚ್ಚಿಸೋಕೆ ನಮ್ಮಲ್ಲಿಗೇ ಬಂದಾಗ ಗಂಡ ತಾಯಿ ಕಾರ್ಡ್ ಒಳಗೆ ಮಡಚಿಟ್ಟಿದ್ದ ಬಿಲ್ ತೆಗೆದು ತೋರಿಸ್ದ, 58 ಸಾವಿರ. "ಎರಡು ಹಸ ಮಾರ್ದೆ ಸಾರ್" ಅಂದ. ಜಗಳ ಆಡೋಕೆ ಬಂದಿರಲಿಲ್ಲ ಆತ, ಅದಕ್ಕೇ ಜಾಸ್ತಿ ನೋವಾಯ್ತು. 2011ರಿಂದ ಜನನಿ ಶಿಶು ಸುರಕ್ಷಾ ಯೋಜನೇಲಿ ಸರ್ಕಾರಿ ಆಸ್ಪತ್ರೆಯ ಸಿಸೇರಿಯನ್ ಪೂರ್ತಿ ಫ್ರೀ, ಔಷಧಿ, ಊಟ, ಗಾಡಿ ಸಮೇತ. ನಮ್ಮಲ್ಲಿ ಇನ್ನೊಬ್ಬ ಅನಸ್ತೇಶಿಯಾದವನು ಇದ್ದಿದ್ರೆ ಆ ಹಸುಗಳು ಕೊಟ್ಟಿಗೇಲೇ ಇರ್ತಿದ್ವು.

ಇಲಾಖೆ ಪುಸ್ತಕದಲ್ಲಿ ಮಾತ್ರ ಆ ಎರಡನೇ ಡಾಕ್ಟ್ರ ಸಂಬಳ 'ಉಳಿತಾಯ'. ದೇಶದ ಒಟ್ಟು ಆರೋಗ್ಯ ಖರ್ಚಲ್ಲಿ ಜನ ಸ್ವಂತ ಜೇಬಿಂದ ಕೊಡೋ ಪಾಲು 2013-14ರಲ್ಲಿ 64.2 ಪರ್ಸೆಂಟ್ ಇತ್ತು, 2021-22ಕ್ಕೆ 39.4ಕ್ಕೆ ಇಳಿದಿದೆ, ಒಳ್ಳೇದೇ. ಆದ್ರೆ ಆರೋಗ್ಯಕ್ಕೆ ಸರ್ಕಾರಗಳ ಖರ್ಚು 2025ಕ್ಕೆ ಜಿಡಿಪಿಯ 2.5 ಪರ್ಸೆಂಟ್ ಆಗ್ಬೇಕು ಅಂತ 2017ರ ಆರೋಗ್ಯ ನೀತೀಲಿ ಬರ್ಕೊಂಡಿದ್ದು, 2021-22ರಲ್ಲಿ ಇದ್ದಿದ್ದು 1.84.

ಸಂಬಳ ಜಾಸ್ತಿ ಮಾಡಿದ್ರೆ ಡಾಕ್ಟ್ರು ಬರ್ತಾರಾ? ಬರ್ತಾರೆ. ರಾಷ್ಟ್ರೀಯ ಆರೋಗ್ಯ ಮಿಷನ್‌ನವರು (ಎನ್‌ಎಚ್‌ಎಂ) 'ಯು ಕೋಟ್, ವಿ ಪೇ' ಅಂತಾನೇ ತಂದಿದಾರೆ, ರೇಟ್ ಡಾಕ್ಟ್ರೇ ಹೇಳೋದು. ಆದ್ರೆ ನನ್ನ ಜೊತೆ ಓದಿದವನು ಒಬ್ಬ ಇದೇ ಥರದ ಕೆಲಸ ಬಿಟ್ಟಿದ್ದು ದುಡ್ಡಿಗಲ್ಲ, ಸ್ನಾನಕ್ಕೆ ಹೋದ್ರೂ ಫೋನ್ ಬಕೆಟ್ ಪಕ್ಕ ಇಟ್ಕೊಂಡು ಸಾಕಾಗಿತ್ತು ಅವನಿಗೆ. ಒಬ್ಬನಿಗೆ ಡಬಲ್ ಸಂಬಳ ಕೊಟ್ರೂ ಅವನಿಗೆ ಇರೋದು ಒಂದೇ ರಾತ್ರಿ ನಿದ್ದೆ ತಾನೆ.

ನನ್ನ ಕೇಳಿದ್ರೆ ಅಕ್ಕಪಕ್ಕದ ಮೂರು ತಾಲೂಕಿನ ಡಾಕ್ಟ್ರುಗಳನ್ನ ಒಂದು ಕಡೆ ಸೇರಿಸಿ, ಮೂರು ಅರ್ಧಂಬರ್ಧ ಆಪರೇಷನ್ ಥಿಯೇಟರ್ (ಓಟಿ) ಬದಲು 24 ಗಂಟೆ ತೆರೆದಿರೋ ಒಂದು ಓಟಿ ನಡೆಸ್ಬೇಕು. ಕೆಲವು ಊರಿಗೆ ದೂರ ಆಗುತ್ತೆ, ಒಪ್ತೀನಿ, ಆದ್ರೆ ಎಲ್ಲಿ ಹೋದ್ರೆ ಡಾಕ್ಟ್ರು ಇರ್ತಾರೆ ಅಂತ ಮೊದಲೇ ಗೊತ್ತಿರುತ್ತೆ, 108 ಸೀದಾ ಅಲ್ಲಿಗೇ ಹೋಗುತ್ತೆ. ರಿವ್ಯೂ ಮೀಟಿಂಗಲ್ಲಿ ಇದನ್ನ ಹೇಳ್ದೆ. "ಯಾವ ಎಂಎಲ್ಎ ತಮ್ಮ ತಾಲೂಕಿನ ಓಟಿ ಬಿಟ್ಕೊಡ್ತಾರೆ ಡಾಕ್ಟ್ರೇ?" ಅಂತ ಪಕ್ಕದವರು ನಕ್ಕು ಬಿಸ್ಕೆಟ್ ಪ್ಲೇಟ್ ನನ್ನ ಕಡೆ ತಳ್ಳಿದ್ರು.