ಮುಚ್ಚಳ ತೆರೆದರೂ ಪರದೆ ಕಪ್ಪು: ಲ್ಯಾಪ್‌ಟಾಪಿನ ಪರದೆಯನ್ನೇ ಬದಲಿಸಬೇಕೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತೇನೆ. ಊಟಕ್ಕೆ ಏಳುವಾಗ ವಿಂಡೋಸ್ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಬಂದು ತೆರೆದರೆ ಕೀಲಿಮಣೆಯ ದೀಪ ಹೊತ್ತುತ್ತದೆ, ಫ್ಯಾನಿನ ಸದ್ದೂ ಕೇಳುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಪವರ್ ಗುಂಡಿ ಒತ್ತಿಹಿಡಿದು ಆರಿಸಿ ಮತ್ತೆ ಹಾಕಿದರೆ ಸರಿಯಾಗುತ್ತದೆ. ಮಳೆಗಾಲದ ಥಂಡಿಗೆ ಪರದೆ ಹೋಗಿದೆ, ಬದಲಿಸಬೇಕು ಎಂದು ಅಂಗಡಿಯವರು ಹೇಳಿದರು. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಮಳೆ ಹಿಡಿದರೆ ಪುಸ್ತಕದ ರಟ್ಟಿಗೂ ಚಪ್ಪಲಿಗೂ ಬೂಸ್ಟು ಬರುವ ಊರು ನಮ್ಮದಾದ್ದರಿಂದ, ಯಾವ ಯಂತ್ರ ಕೆಟ್ಟರೂ ದೂರು ಮೊದಲು ಥಂಡಿಯ ಮೇಲೆಯೇ ಹೋಗುತ್ತದೆ. ತೇವದಿಂದ ಕನೆಕ್ಟರುಗಳಿಗೆ ಕಿಲುಬು ಹಿಡಿಯುವುದು ಸುಳ್ಳಲ್ಲ. ಆದರೆ ಹಾಗೆ ಕೆಟ್ಟ ಪರದೆ ಊಟ ಮುಗಿಸಿ ಬಂದಾಗ ಮಾತ್ರ ಕೆಟ್ಟು, ಆರಿಸಿ ಹಾಕಿದೊಡನೆ ಪ್ರತಿಸಲವೂ ನೆಟ್ಟಗಾಗುವುದಿಲ್ಲ. ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಅಂಶವೇ.

ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸ್ಲೀಪ್ ಎಂಬ ಅರೆನಿದ್ದೆಗೆ ಜಾರುತ್ತದೆ. ಹಾಗೆ ಸ್ಲೀಪ್‌ಗೆ ಹೋದ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ ಕೆಲಸವೆಲ್ಲ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿಯೇ ಉಳಿದಿರುತ್ತದೆ. ಗ್ರಾಫಿಕ್ಸ್ ಚಿಪ್ ಮತ್ತು ಪರದೆಯ ಹಿಂದಿನ ಬೆಳಕು ವಿಶ್ರಾಂತಿಗೆ ಹೋಗಿರುತ್ತವೆ. ಎಚ್ಚರಗೊಳ್ಳುವಾಗ ಆ ಚಿಪ್ಪನ್ನು ಎಬ್ಬಿಸಿ, ಪರದೆಯೊಡನೆ ಸಂಪರ್ಕವನ್ನು ಮತ್ತೆ ಕುದುರಿಸಿ, ಬೆಳಕು ಹೊತ್ತಿಸುವ ಹೊಣೆ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶದ್ದು. ಅದು ನಡುವೆ ಎಡವಿದರೆ ಯಂತ್ರ ಎದ್ದಿರುತ್ತದೆ, ಪರದೆ ಏಳುವುದಿಲ್ಲ. ಆರಿಸಿ ಹಾಕಿದಾಗ ಎಲ್ಲವೂ ಮೊದಲಿನಿಂದ ಆರಂಭವಾಗುವುದರಿಂದ ತೊಂದರೆ ಮಾಯವಾದಂತೆ ಕಾಣುತ್ತದೆ.

ಮುಂದಿನ ಸಲ ಪರದೆ ಕಪ್ಪಾದಾಗ ಪವರ್ ಗುಂಡಿಗೆ ಕೈ ಹಾಕುವ ಮುನ್ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ನಿಮ್ಮ ಮಾತು ಕೇಳುತ್ತಿದೆ ಎಂದರ್ಥ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ, ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಹೊಸದಾಗಿ ಆರಂಭಿಸುವ ಆದೇಶವಿದು. ಸಾಮಾನ್ಯವಾಗಿ ಸಣ್ಣದೊಂದು ಬೀಪ್ ಕೇಳಿಸುತ್ತದೆ, ತೆರೆದಿಟ್ಟ ಕಡತಗಳಿಗೆ ಏನೂ ಆಗುವುದಿಲ್ಲ. ಇದರಿಂದ ಪರದೆ ಮರಳಿದರೆ ತಪ್ಪು ಡ್ರೈವರಿನದೇ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಮರಳದಿದ್ದರೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಂಜಿನೊಳಗಿನ ಅಡಿಕೆ ಮರಗಳಂತೆ ಗಡಿಯಾರದ ಅಂಕಿಗಳೋ ಐಕಾನ್‌ಗಳೋ ಮಸುಕಾಗಿ ತೋರಿದರೆ, ಚಿತ್ರ ಮೂಡಿದೆ, ಹಿಂಬದಿಯ ಬೆಳಕು ಮಾತ್ರ ಹೊತ್ತಿಲ್ಲ. ಕೆಲವೊಮ್ಮೆ ಬ್ರೈಟ್‌ನೆಸ್ ತೀರಾ ಕೆಳಗಿಳಿದಿದ್ದರೂ ಹೀಗಾಗುವುದುಂಟು. ಅದನ್ನು ಹೆಚ್ಚಿಸುವ ಕೀಲಿಯನ್ನೂ ಒಮ್ಮೆ ಒತ್ತಿಬಿಡಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಅದೇ. ಮುಚ್ಚಳವನ್ನು ಮುಟ್ಟದೆ, ಸ್ಟಾರ್ಟ್ ಮೆನುವಿನಿಂದಲೇ ಸ್ಲೀಪ್ ಆಯ್ದು, ಹತ್ತು ನಿಮಿಷ ಬಿಟ್ಟು ಎಬ್ಬಿಸಿ. ಈ ಪ್ರಯೋಗವನ್ನು ನಾಲ್ಕೈದು ಸಲ ಮಾಡಿ. ಆಗಲೂ ಪರದೆ ಕಪ್ಪಾಗುತ್ತಿದ್ದರೆ ಡ್ರೈವರಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಮುಚ್ಚಿ ತೆರೆದಾಗ ಮಾತ್ರ ಕಪ್ಪಾಗುವುದಾದರೆ ಎರಡು ಸಾಧ್ಯತೆಗಳಿವೆ. ತಿರುಗಣೆಯ ಮೂಲಕ ಪರದೆಗೆ ಹೋಗುವ ತೆಳು ಕೇಬಲ್ ಸವೆದಿರಬಹುದು. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ವಾಲಿಸಿದಾಗ ಚಿತ್ರ ಮಿನುಗಿದರೆ ಅದೇ ಕಾರಣ. ಇಲ್ಲವೇ ಮುಚ್ಚಳದ ಸೆನ್ಸರ್ ಮೋಸಹೋಗುತ್ತಿರಬಹುದು. ಎಷ್ಟೋ ಲ್ಯಾಪ್‌ಟಾಪುಗಳು ಮುಚ್ಚಿದ್ದನ್ನು ತಿಳಿಯುವುದು ಮುಚ್ಚಳದಲ್ಲಿರುವ ಅಯಸ್ಕಾಂತದಿಂದ. ಕೆಳಭಾಗದಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇರುತ್ತದೆ. ಅಯಸ್ಕಾಂತದ ಗುಂಡಿಯುಳ್ಳ ಮೊಬೈಲ್ ಪೌಚನ್ನು ಕೀಲಿಮಣೆಯ ಪಕ್ಕ ಇಡುವ ಅಭ್ಯಾಸ ನನಗಿತ್ತು. ತೆರೆದ ಲ್ಯಾಪ್‌ಟಾಪ್ ತಾನು ಮುಚ್ಚಿದೆ ಎಂದೇ ನಂಬಿ ಪರದೆ ಆರಿಸುತ್ತಿದ್ದುದು ಆ ಪೌಚಿನಿಂದ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ಡ್ರೈವರೇ ಕಾರಣವೆಂದು ಕಂಡರೆ, ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ಸಂಖ್ಯೆಯನ್ನು ನೋಡಿಕೊಂಡು ತಯಾರಕರ ಅಧಿಕೃತ ತಾಣದಿಂದಲೇ ಗ್ರಾಫಿಕ್ಸ್ ಡ್ರೈವರನ್ನೂ, ಲಭ್ಯವಿದ್ದರೆ ಯಂತ್ರವನ್ನು ಮೊದಲು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟನ್ನೂ ಹಾಕಿಕೊಳ್ಳಿ. ಬಯಾಸ್ ಅಪ್‌ಡೇಟ್ ಮಾತ್ರ ಬ್ಯಾಟರಿ ತುಂಬಿ, ಚಾರ್ಜರ್ ಸಿಕ್ಕಿಸಿರುವಾಗ ನಡೆಯಬೇಕು. ಗಾಳಿಮಳೆಗೆ ಯಾವಾಗ ಬೇಕಾದರೂ ಕರೆಂಟ್ ಹೋಗುವ ದಿನಗಳಲ್ಲಿ ಅದಕ್ಕೆ ಕೈ ಹಾಕದಿರುವುದು ಜಾಣತನ. ವಿಂಡೋಸ್ ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು, ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ಮರಳಿ. ಇದಾದ ಮೇಲೆ ಶಟ್ ಡೌನ್ ಸಾಲದು, ರೀಸ್ಟಾರ್ಟೇ ಮಾಡಬೇಕು. ಬೇಗ ಆರಂಭವಾಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗಲೂ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಸ್ಥಿತಿ ಮರಳಿ ಬರುತ್ತದೆ.

ನಿಮ್ಮಲ್ಲಿ ಮಳೆಗಾಲದಲ್ಲಿ ತಾಸುಗಟ್ಟಲೆ ಕರೆಂಟ್ ಇಲ್ಲದಿರುವುದಾದರೆ ಇದನ್ನೂ ಗಮನಿಸಿ. ಸ್ಲೀಪ್‌ನಲ್ಲಿರುವಾಗ ಬ್ಯಾಟರಿ ತಳ ಮುಟ್ಟಿದರೆ ಅನೇಕ ಲ್ಯಾಪ್‌ಟಾಪುಗಳು ತಾವಾಗಿಯೇ ಹೈಬರ್ನೇಟ್ ಆಗಿ, ರ‍್ಯಾಮ್‌ನಲ್ಲಿದ್ದುದನ್ನು ಡಿಸ್ಕ್‌ಗೆ ಬರೆದಿಡುತ್ತವೆ. ಅಲ್ಲಿಂದ ಮರಳುವಾಗ, ಅದರಲ್ಲೂ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ, ಪರದೆ ಸಾಕಷ್ಟು ಹೊತ್ತು ಕಪ್ಪಾಗಿರುವುದು ಸಹಜ. ಒಂದೆರಡು ನಿಮಿಷ ಕಾಯದೆ ಗುಂಡಿ ಒತ್ತಿಹಿಡಿದರೆ ಉಳಿಸದ ಕೆಲಸವನ್ನು ನೀವೇ ಕೈಯಾರೆ ಕಳೆದುಕೊಂಡಂತೆ.

ಇಷ್ಟಾದ ಮೇಲೆ ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದು, ಲ್ಯಾಪ್‌ಟಾಪಿನಲ್ಲಿ ಮಾತ್ರ ಬಾರದೆ, ಮುಚ್ಚಳ ವಾಲಿಸಿದಾಗ ಮಿನುಗುವುದಾದರೆ ಮತ್ತೆ ಅಂಗಡಿಗೆ ಒಯ್ಯಿರಿ. ಆಗಲೂ ಮೊದಲು ಕೇಬಲನ್ನು ಕಳಚಿ ಪರೀಕ್ಷಿಸಲು ಹೇಳಿ, ಏಕೆಂದರೆ ಅದರ ಬೆಲೆ ಸಾಮಾನ್ಯವಾಗಿ ಪರದೆಯ ಬೆಲೆಗಿಂತ ಬಹಳ ಕಡಿಮೆ.