ಡಿಸೆಕ್ಟ್ ಮಾಡೋದು ಅಂದ್ರೆ ಏನು?

ಮ್ಯಾಚ್ ಸೋತ ಮರುದಿನ ಟಿವಿಯಲ್ಲಿ ನಾಲ್ಕು ಜನ ಕೂತು ‘ಈ ಸೋಲನ್ನು ಡಿಸೆಕ್ಟ್ ಮಾಡೋಣ’ ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬ ಆಟಗಾರನನ್ನೂ ಹಿಡಿದು ಕೊಚ್ಚಿ ಹಾಕುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ನನಗೆ ಇದು ಸರಿ ಕಾಣುವುದಿಲ್ಲ. ದೇಹದ ರಚನೆ ಕಲಿಯಲು ನಾವು ಟೇಬಲ್ ಮೇಲೆ ಶವವನ್ನು ಬಿಡಿಸಿ ನೋಡುವ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಡಿಸೆಕ್ಷನ್ ಹಾಲ್‌ಗೆ ಹೊಸದಾಗಿ ಬಂದ ಮಕ್ಕಳಿಗೆ ಬ್ಲೇಡ್ ಹಿಡಿಯುವ ಆತುರ ಜಾಸ್ತಿ. ಆದರೆ ಬ್ಲೇಡಿನ ಕೆಲಸ ಹೆಚ್ಚು ಪಾಲು ಚರ್ಮದಲ್ಲೇ ಮುಗಿಯುತ್ತದೆ. ಚರ್ಮದ ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಗಟ್ಟಿ ಪೊರೆ, ಆಮೇಲೆ ಸ್ನಾಯು. ಇಲ್ಲಿಂದ ಮುಂದೆ ಬೆರಳು, ಚಿಮಟ ಮತ್ತು ಕತ್ತರಿ ಸಾಕು. ಆ ಕತ್ತರಿಯನ್ನೂ ಅದರ ಬಾಯಿ ಮುಚ್ಚಿಯೇ ಒಳಗೆ ತೂರಿಸಿ, ಅಲ್ಲಿ ನಿಧಾನವಾಗಿ ಅಗಲಿಸುತ್ತೇವೆ. ಅದು ಕತ್ತರಿಸದೆ ಬಿಡಿಸುತ್ತದೆ.

ಕಂಕುಳನ್ನೇ ನೋಡಿ. ಕೈಗೆ ಹೋಗುವ ಮುಖ್ಯ ನರಗಳು ಅಲ್ಲಿ ದೊಡ್ಡ ರಕ್ತನಾಳವೊಂದರ ಸುತ್ತ ಹೆಣೆದುಕೊಂಡಿವೆ, ಅವುಗಳ ನಡುವೆ ಕೊಬ್ಬು ತುಂಬಿಕೊಂಡಿದೆ. ಅದನ್ನು ಚೂರು ಚೂರೇ ತೆಗೆದರೆ ಮೂರು ನರಗಳು ಸೇರಿ ಇಂಗ್ಲಿಷಿನ ಎಂ ಅಕ್ಷರದ ಹಾಗೆ ನಿಲ್ಲುತ್ತವೆ. ಆ ಎಂ ಕಂಡರೆ ಯಾವುದು ಯಾವ ನರ ಅಂತ ತಕ್ಷಣ ಗೊತ್ತಾಗುತ್ತದೆ. ಅವಸರದಲ್ಲಿ ಕೊಬ್ಬನ್ನು ಬಾಚಿ ಎಳೆದರೆ ಕೈಗೆ ಬರುವುದು ಒಂದಷ್ಟು ಬಿಳಿ ದಾರ ಅಷ್ಟೇ, ಯಾವುದಕ್ಕೂ ಹೆಸರು ಹೇಳಲು ಆಗುವುದಿಲ್ಲ, ಯಾಕೆಂದರೆ ನರ ಯಾವುದು ಅಂತ ತಿಳಿಯುವುದೇ ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದರಿಂದ.

ಲ್ಯಾಟಿನ್ ಮೂಲದಲ್ಲಿ ಡಿಸೆಕ್ಟ್ ಎಂಬ ಪದಕ್ಕೆ ಕತ್ತರಿಸಿ ಬೇರೆ ಮಾಡು ಎಂಬ ಅರ್ಥ ಇದೆ, ನಿಜ. ಆದರೆ ಕೆಲಸದಲ್ಲಿ ತೂಕ ಇರುವುದು ಬೇರೆ ಮಾಡುವುದರ ಮೇಲೆ. ಸುಶ್ರುತ ಸಂಹಿತೆಯ ವಿಧಾನ ಓದಿದಾಗ ನನಗೆ ರೋಮಾಂಚನವಾಗುತ್ತದೆ. ಶವವನ್ನು ಹುಲ್ಲು, ನಾರಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ನದಿ ನೀರಿನಲ್ಲಿ 7 ರಾತ್ರಿ ನೆನೆಸಬೇಕು. ಆಮೇಲೆ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಶುರುಮಾಡಿ ಒಂದೊಂದೇ ಭಾಗವನ್ನು ಕಣ್ಣಾರೆ ನೋಡಬೇಕು. ಚಾಕುವೇ ಬೇಡ!

ಆಸ್ಪತ್ರೆಯಲ್ಲಿ ಇದೇ ಪದ ಕಾಯಿಲೆಯ ಹೆಸರೂ ಹೌದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಒಳಪದರ ಹರಿದು, ರಕ್ತ ಗೋಡೆಯ ಪದರಗಳ ನಡುವೆ ನುಗ್ಗಿ ಅವನ್ನು ಬಿಡಿಸಿಕೊಂಡು ಹೋದರೆ ಅದು ಅಯೋರ್ಟಿಕ್ ಡಿಸೆಕ್ಷನ್. ಎದೆ ಅಥವಾ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ಸೀಳಿದಂಥ ನೋವು, ಜೀವಕ್ಕೇ ಅಪಾಯ. ಅಲ್ಲಿ ಯಾರೂ ಏನನ್ನೂ ಕತ್ತರಿಸಿಲ್ಲ, ಪದರಗಳು ಬೇರೆಯಾಗಿವೆ.

ಪೋಸ್ಟ್‌ಮಾರ್ಟಂ ಅನ್ನುವುದನ್ನೂ ಇದರ ಜೊತೆ ಬೆರೆಸುತ್ತಾರೆ. ಅದರ ಮುಖ್ಯ ಪ್ರಶ್ನೆ ಸಾವು ಹೇಗಾಯಿತು ಅಂತ. ಚುನಾವಣೆ ಸೋತ ಪಕ್ಷಕ್ಕೆ ಆ ಮಾತು ಚೆನ್ನಾಗಿಯೇ ಒಪ್ಪುತ್ತದೆ. ಡಿಸೆಕ್ಷನ್ ಕೇಳುವುದು ಇದು ಹೇಗೆ ಕಟ್ಟಿಕೊಂಡಿದೆ ಅಂತ. ಹಾಗಾಗಿ ಗೆದ್ದ ಮ್ಯಾಚನ್ನೂ ಡಿಸೆಕ್ಟ್ ಮಾಡಬಹುದು, ಒಳ್ಳೆಯ ಭಾಷಣವನ್ನೂ, ಬಜೆಟ್ಟನ್ನೂ. ‘ಮಧ್ಯಮ ಕ್ರಮಾಂಕ ಕೈಕೊಟ್ಟಿತು’ ಅನ್ನುವುದು ನನ್ನ ಪ್ರಕಾರ ಡಿಸೆಕ್ಷನ್ ಅಲ್ಲ. ಪವರ್‌ಪ್ಲೇನಲ್ಲಿ ಬಿದ್ದ ವಿಕೆಟ್‌ನಿಂದ ರನ್ ವೇಗ ಎಷ್ಟು ಇಳಿಯಿತು, ಆ ಒತ್ತಡದಲ್ಲಿ ಮುಂದಿನವನು ಯಾವ ಬಾಲ್‌ಗೆ ಬ್ಯಾಟ್ ಬೀಸಿದ, ಅದಕ್ಕೆ ಫೀಲ್ಡರ್ ಅಲ್ಲೇ ಯಾಕೆ ನಿಂತಿದ್ದ — ಇಷ್ಟನ್ನೂ ಕೊಂಡಿ ತಪ್ಪದ ಹಾಗೆ ಬಿಡಿಸಿಟ್ಟರೆ ಆ ಪದ ಧಾರಾಳವಾಗಿ ಬಳಸಿ.